ದಾಖಲೆ ಲೀಸಿಂಗ್ ನಡೆಯುವ ಊರಲ್ಲಿ ಸಣ್ಣ ಕಮರ್ಷಿಯಲ್ ಬ್ರೋಕರೇಜ್‌ಗೆ ಕೆಲಸವಿಲ್ಲ: ಟೀಮ್ ಉಳಿಸಿಕೊಳ್ಳುವುದು ಹೇಗೆ?

ಇಂದಿರಾನಗರ_ಲೀಸಿಂಗ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಆಫೀಸು, ಶೋರೂಂ ಜಾಗ ಲೀಸ್‌ಗೆ ಕೊಡಿಸುವ ಸಣ್ಣ ಸಂಸ್ಥೆ ನಡೆಸುತ್ತೇನೆ. ನಮ್ಮ ಓಡಾಟ ಇಂದಿರಾನಗರ, ದೊಮ್ಮಲೂರು, ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್. 2,000 ಚದರಡಿಯಿಂದ 20,000 ಚದರಡಿವರೆಗಿನ ಜಾಗ. ಆರು ಜನ ಫೀಲ್ಡ್‌ನಲ್ಲಿದ್ದಾರೆ, ಒಬ್ಬರು ಅಕೌಂಟ್ಸ್, ಕಟ್ಟಡಗಳ ಮಾಹಿತಿ ನೋಡಿಕೊಳ್ಳುವ ಒಬ್ಬ ಹುಡುಗ, ಆಮೇಲೆ ನಾನು.

ಪೇಪರ್ ತೆಗೆದರೆ ಬೆಂಗಳೂರಿನಲ್ಲಿ ಆಫೀಸ್ ಲೀಸಿಂಗ್ ದಾಖಲೆ ಮಾಡಿದೆ ಅಂತ ಓದುತ್ತೇವೆ. ಸುಳ್ಳೇನಲ್ಲ, 2024 ನಿಜಕ್ಕೂ ದಾಖಲೆಯ ವರ್ಷ. ಆದರೆ ಆ ಚದರಡಿಗಳಲ್ಲಿ ಬಹುಪಾಲು ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಹೆಬ್ಬಾಳದ ಆಚೆಯ ದೊಡ್ಡ ಪಾರ್ಕ್‌ಗಳದ್ದು. ತಗೊಳ್ಳುವವರಲ್ಲಿ ದೊಡ್ಡ ಪಾಲು ಜಿಸಿಸಿಗಳು, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ನಡೆಸುವ ಕೇಂದ್ರಗಳು. ಅವರ ಕೆಲಸ ಹೊರದೇಶದ ಹೆಡ್ ಆಫೀಸಿನಲ್ಲೇ ಸಿಬಿಆರ್‌ಇ, ಜೆಎಲ್‌ಎಲ್, ಕುಶ್‌ಮನ್‌ನಂಥ ಅಂತಾರಾಷ್ಟ್ರೀಯ ಕನ್ಸಲ್ಟೆಂಟ್‌ಗಳಿಗೆ ನಿಗದಿಯಾಗಿರುತ್ತದೆ. ನಮ್ಮ ಬಾಗಿಲಿಗೆ ಬರುತ್ತಿದ್ದವರು ನಲವತ್ತರಿಂದ ನೂರು ಜನರ ಸ್ಟಾರ್ಟಪ್‌ಗಳು, ಡಿಸೈನ್ ಸ್ಟುಡಿಯೋಗಳು, ಜಾಹೀರಾತು ಏಜೆನ್ಸಿಗಳು. 2021ರ ಫಂಡಿಂಗ್ ಉಬ್ಬರ 2022ರಲ್ಲಿ ಇಳಿದ ಮೇಲೆ ಅವರಲ್ಲಿ ಅರ್ಧ ಜನ ಜಾಗ ಕಡಿಮೆ ಮಾಡಿದರು. ಉಳಿದವರು ಅಡ್ವಾನ್ಸ್, ಇಂಟೀರಿಯರ್ ಖರ್ಚು ಯಾಕೆ ಅಂತ ಮ್ಯಾನೇಜ್ಡ್ ಆಫೀಸ್‌ಗೆ, ಅಂದರೆ ಆಪರೇಟರ್ ಸಜ್ಜು ಮಾಡಿ ನಡೆಸುವ ಆಫೀಸ್‌ಗೆ ಹೋದರು.

ನನ್ನ ಸಂಬಳ ನಿಲ್ಲಿಸಿದ್ದೇನೆ. ಯಾರನ್ನೂ ಮನೆಗೆ ಕಳಿಸುವ ಮನಸ್ಸಿಲ್ಲ. ನನಗೆ ಅನ್ನಿಸುತ್ತಿರುವುದು ಇಷ್ಟು: ಹೊಸ ಬಾಡಿಗೆದಾರರ ಹಿಂದೆ ಆರೂ ಜನ ಓಡುವ ಬದಲು, ಇಷ್ಟು ವರ್ಷ ನಾವೇ ಕೊಡಿಸಿದ ಹಳೆ ಲೀಸ್‌ಗಳ ಕಡೆ ಅರ್ಧ ಟೀಮನ್ನು ತಿರುಗಿಸಬೇಕು. ನವೀಕರಣ, ಬಾಡಿಗೆ ಮರುಮಾತುಕತೆ, ಅರ್ಧ ಜಾಗ ಬಿಟ್ಟುಕೊಡುವುದು, ಈ ಥರದ ಕೆಲಸ. ಆದರೆ ಟೀಮ್‌ಗೆ ಅದರಲ್ಲಿ ನಂಬಿಕೆ ಇಲ್ಲ. "ಮೇಡಂ, ಡೀಲ್ ಅಂದ್ರೆ ಹೊಸ ಡೀಲೇ" ಅನ್ನುತ್ತಾರೆ. ಕೆಟ್ಟ ಕಾಲದಲ್ಲಿ ಸಂಸ್ಥೆ ನಡೆಸಿದವರು ಇದ್ದರೆ ಹೇಳಿ. ಸಂಬಳ, ಕಮಿಷನ್ ಹಂಚಿಕೆ ಹೇಗೆ ಬದಲಿಸಿದಿರಿ ಅನ್ನುವುದನ್ನೂ ತಿಳಿಸಿ.

ಎಂಜಿ_ರೋಡ್_ಹಳಬ

ಮೇಡಂ, ನೀವು ಹಿಡಿದಿರುವ ದಾರಿ ಸರಿ. ನಾನು ಈ ಕಸುಬಿಗೆ ಬಂದದ್ದು ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ ಹೊಸದಾಗಿದ್ದ ಕಾಲದಲ್ಲಿ. 2001ರ ಡಾಟ್‌ಕಾಂ ಕುಸಿತ, 2008ರ ಲೀಮನ್ ಬ್ಯಾಂಕ್ ಪತನ, 2020ರ ಲಾಕ್‌ಡೌನ್, ಮೂರನ್ನೂ ಇದೇ ಊರಲ್ಲಿ ಕಂಡಿದ್ದೇನೆ. ಮೂರು ಸಲವೂ ಮೊದಲು ಮುಚ್ಚಿದ್ದು ಹೊಸ ಡೀಲ್ ಮಾತ್ರ ನಂಬಿಕೊಂಡಿದ್ದ ಆಫೀಸುಗಳು.

2020ರ ಏಪ್ರಿಲ್ ನೆನಪಿಸಿಕೊಳ್ಳಿ. ಸೈಟ್ ವಿಸಿಟ್ ಪೂರ್ತಿ ನಿಂತಿತ್ತು. ಫೋನ್ ಮಾತ್ರ ನಿಂತಿರಲಿಲ್ಲ. ಬಾಡಿಗೆದಾರರು "ಫೋರ್ಸ್ ಮೆಜೂರ್ (ಕೈಮೀರಿದ ಪರಿಸ್ಥಿತಿ) ಅಂತ ನೋಟಿಸ್ ಕೊಟ್ಟರೆ ಬಾಡಿಗೆ ಕಟ್ಟಬೇಕಾಗಿಲ್ವಾ?" ಅಂತ ಕೇಳೋರು. ಓನರ್‌ಗಳು "ಲಾಕ್-ಇನ್ (ಬಾಡಿಗೆದಾರರು ಬಿಟ್ಟುಹೋಗುವಂತಿಲ್ಲದ ಅವಧಿ) ಇದೆ, ಹೇಗೆ ಬಿಡ್ತಾರೆ?" ಅನ್ನೋರು. ಇಬ್ಬರ ಮಧ್ಯೆ ಕೂತು ಮಾತಾಡಿಸುವವರು ಬೇಕಾಗಿತ್ತು. ಆ ಕೆಲಸಕ್ಕೆ ವಕೀಲರಿಗಿಂತ ಮೊದಲು ನೆನಪಾದದ್ದು ಲೀಸ್ ಮಾಡಿಸಿದ ಬ್ರೋಕರ್.

ಒಂದು ಕೇಸ್ ಲೆಕ್ಕ ಸಮೇತ ಹೇಳುತ್ತೇನೆ, ನಿಮ್ಮ ಹುಡುಗರಿಗೆ ತೋರಿಸಿ. ರೆಸಿಡೆನ್ಸಿ ರಸ್ತೆಯ ಆಸುಪಾಸು, 12,000 ಚದರಡಿ. ಬಾಡಿಗೆ ಶುರುವಾದದ್ದು ಚದರಡಿಗೆ ₹80ಕ್ಕೆ. ಮೂರು ವರ್ಷಕ್ಕೊಮ್ಮೆ 15% ಏರಿಕೆ, ಹಾಗಾಗಿ ಆಗ ₹92 ಆಗಿತ್ತು. ತಿಂಗಳಿಗೆ 11.04 ಲಕ್ಷ. ಲಾಕ್-ಇನ್ ಮುಗಿದಿತ್ತು, ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡುತ್ತೇವೆ ಅಂತ ಕಂಪನಿಯವರು ಕೂತಿದ್ದರು. ಓನರ್ ಒಂದು ರೂಪಾಯಿ ಇಳಿಸಲ್ಲ ಅಂತ ಹಟ.

ನಾನು ಓನರ್ ಮುಂದೆ ಬಾಡಿಗೆ ಮಾತೇ ಎತ್ತಲಿಲ್ಲ. ಅಡ್ವಾನ್ಸ್ ಎಷ್ಟಿದೆ ಸರ್ ಅಂತ ಕೇಳಿದೆ. ಹಳೆ ಪದ್ಧತಿಯಂತೆ ಹತ್ತು ತಿಂಗಳ ಬಾಡಿಗೆ, 96 ಲಕ್ಷ. ಆ ದುಡ್ಡು ಯಾವತ್ತೋ ಮೇಲಿನ ಮಹಡಿಗೆ ಸಿಮೆಂಟ್ ಕಬ್ಬಿಣ ಆಗಿಹೋಗಿತ್ತು. ಪಾರ್ಟಿ ಹೊರಟರೆ ಅಷ್ಟನ್ನೂ ಒಂದೇ ಸಲಕ್ಕೆ ವಾಪಸ್ ಕೊಡಬೇಕು. ಜಾಗ ಎಂಟು ತಿಂಗಳು ಖಾಲಿ ಬಿದ್ದರೆ 88 ಲಕ್ಷದ ಮೇಲೆ ಬಾಡಿಗೆ ಹೋಯಿತು. ಆಸ್ತಿ ತೆರಿಗೆ, ವಾಚ್‌ಮನ್, ಲಿಫ್ಟ್ ನಿರ್ವಹಣೆಯ ಖರ್ಚು ನಿಲ್ಲುವುದಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಪಕ್ಕದಲ್ಲೇ ಇನ್ನೊಂದು ಲೆಕ್ಕ: ಎರಡು ವರ್ಷ ₹82ರ ಬಾಡಿಗೆ. ತಿಂಗಳಿಗೆ 1.2 ಲಕ್ಷ ಕಡಿಮೆ, ಎರಡು ವರ್ಷಕ್ಕೆ 28.8 ಲಕ್ಷ. ಅದಕ್ಕೆ ಬದಲಾಗಿ ಬಾಡಿಗೆದಾರರು ಹೊಸದಾಗಿ ಎರಡು ವರ್ಷ ಲಾಕ್-ಇನ್‌ಗೆ ಸಹಿ ಹಾಕಬೇಕು. ಒಂದು ವಾರದೊಳಗೆ ಒಪ್ಪಿಗೆಯಾಯಿತು. ನಮ್ಮ ಫೀಸು ಬಾಡಿಗೆದಾರರಿಂದ, ಎರಡು ತಿಂಗಳ ಉಳಿತಾಯ, 2.4 ಲಕ್ಷ. ಸೈಟ್ ವಿಸಿಟ್ ಇಲ್ಲ, ಫಿಟ್‌ಔಟ್ (ಒಳಾಂಗಣ ಕೆಲಸ) ಮುಗಿಯಲಿ ಅಂತ ಕಾಯುವುದಿಲ್ಲ, ನಾಲ್ಕು ಬ್ರೋಕರ್‌ಗಳ ಪೈಪೋಟಿ ಇಲ್ಲ.

ಹೊಸ ಡೀಲ್‌ನಷ್ಟು ದುಡ್ಡಿಲ್ಲ, ಒಪ್ಪುತ್ತೇನೆ. ಆದರೆ ಸಂಬಳದ ತಾರೀಕಿಗೆ ಬರುವ ದುಡ್ಡು ಅದು.

ಸೈಟ್_ವಿಸಿಟ್_ಹುಡುಗ

ನಾನು ಇನ್ನೊಂದು ಬ್ರೋಕರೇಜ್‌ನಲ್ಲಿ ಕೆಲಸ ಮಾಡ್ತಿರೋ ಜೂನಿಯರ್. ನಿಮ್ಮ ಟೀಮ್‌ನಲ್ಲಿ ಇರೋ ನನ್ನಂಥವರ ಪರವಾಗಿ ಒಂದು ಮಾತು ಹೇಳ್ಲಾ ಅಕ್ಕ?

ಸಂಬಳ ಕಡಿಮೆ ಆಗುತ್ತೆ ಅನ್ನೋದಕ್ಕಿಂತ ಏನಾಗ್ತಿದೆ ಅಂತ ಗೊತ್ತಾಗದೇ ಇರೋದು ಜಾಸ್ತಿ ಕಷ್ಟ. ನಮ್ಮ ಕಡೆ ಬಾಸ್ ಕ್ಯಾಬಿನ್ ಬಾಗಿಲು ಹಾಕ್ಕೊಂಡು ಫೋನಲ್ಲಿ ಮಾತಾಡ್ತಾರೆ. ಹೊರಗೆ ಕೂತ ನಾವೆಲ್ಲ ರೆಸ್ಯೂಮೆ ಕಳಿಸ್ತಾ ಇರ್ತೀವಿ. ಬ್ಯಾಂಕಲ್ಲಿ ಎಷ್ಟು ತಿಂಗಳಿಗೆ ಸಾಕಾಗೋಷ್ಟು ದುಡ್ಡಿದೆ ಅಂತ ಒಂದು ಸಲ ಬಾಯ್ಬಿಟ್ಟು ಹೇಳಿದ್ರೆ ನಾನಂತೂ ಉಳ್ಕೋತೀನಿ. ಐದು ತಿಂಗಳಿಗಿದೆ ಅಂದ್ರೂ ಪರವಾಗಿಲ್ಲ. ಆ ಐದು ತಿಂಗಳಲ್ಲಿ ಏನು ಮಾಡ್ಬೇಕು ಅಂತ ಯೋಚನೆ ಮಾಡಬಹುದು.

ಇನ್ನೊಂದು. ಹಳೆ ಲೀಸ್ ನವೀಕರಣದ ಕೆಲಸದಲ್ಲಿ ಕಮಿಷನ್ ಯಾರಿಗೆ ಅನ್ನೋದು ಗೊಂದಲ. ಆ ಪಾರ್ಟಿನ ಮೊದಲು ತಂದವನು ಕೆಲಸ ಬಿಟ್ಟು ಹೋಗಿರ್ತಾನೆ, ಈಗ ಓಡಾಡೋದು ನಾನು, ಕ್ಲೈಂಟ್ ಮಾತಾಡೋದು ಬಾಸ್ ಹತ್ರ. ಅದಕ್ಕೇ ಯಾರಿಗೂ ಆ ಕೆಲಸ ಬೇಡ. ನಂಬಿಕೆ ಇಲ್ಲ ಅಂತಲ್ಲ ಅಕ್ಕ, ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ಯಾರೂ ಬರೆದುಕೊಟ್ಟಿಲ್ಲ.

ಇಂದಿರಾನಗರ_ಲೀಸಿಂಗ್

ತಮ್ಮಾ, ನಿನ್ನ ಕೊನೆಯ ಸಾಲು ನನಗೆ ತುಂಬ ಉಪಯೋಗಕ್ಕೆ ಬಂತು. ಹೊಸ ಡೀಲ್‌ಗೆ ನಮ್ಮಲ್ಲಿ ಹಂಚಿಕೆ ಬರೆದಿಟ್ಟಿದೆ, ನವೀಕರಣಕ್ಕೆ ಇಲ್ಲ. ಈ ವಾರವೇ ಬರೆದು ಎಲ್ಲರ ಮುಂದೆ ಇಡುತ್ತೇನೆ.

ಲೆಕ್ಕದ_ಅಕ್ಕ

ನಾನು ಚಾರ್ಟರ್ಡ್ ಅಕೌಂಟೆಂಟ್, ಕೆಲವು ಬ್ರೋಕರೇಜ್ ಸಂಸ್ಥೆಗಳ ಲೆಕ್ಕ ನೋಡುತ್ತೇನೆ. ಎಲ್ಲರೂ ಡೀಲ್ ಬಗ್ಗೆ ಮಾತಾಡುತ್ತಾರೆ, ವಸೂಲಿ ಬಗ್ಗೆ ಯಾರೂ ಮಾತಾಡಲ್ಲ. ನಾನು ಕಂಡಂತೆ ಈ ಕಸುಬಿನಲ್ಲಿ ಸಂಸ್ಥೆಗಳು ಮುಳುಗುವುದು ವ್ಯಾಪಾರ ಇಲ್ಲದೆ ಅಲ್ಲ, ಮಾಡಿದ ವ್ಯಾಪಾರದ ದುಡ್ಡು ಕೈಗೆ ಬಾರದೆ.

ಲೆಕ್ಕ ನೋಡಿ. 6,000 ಚದರಡಿ, ₹85ರ ದರ. ತಿಂಗಳ ಬಾಡಿಗೆ 5,10,000. ಓನರ್ ಕಡೆಯಿಂದ ಒಂದು ತಿಂಗಳ ಬಾಡಿಗೆ ಬ್ರೋಕರೇಜ್ ಅಂದುಕೊಳ್ಳಿ. ಅದರ ಮೇಲೆ 18% ಜಿಎಸ್‌ಟಿ, 91,800. ಇನ್ವಾಯ್ಸ್ ಕೊಟ್ಟಾಯಿತು. ಓನರ್ "ಬಾಡಿಗೆ ಬರಲು ಶುರುವಾಗಲಿ, ಕೊಡ್ತೀನಿ" ಅಂತಾರೆ. ಫಿಟ್‌ಔಟ್‌ಗೆ ಮೂರು ತಿಂಗಳು ಬಾಡಿಗೆ ವಿನಾಯಿತಿ ಇದೆ, ಅಲ್ಲಿಗೆ ನಾಲ್ಕನೇ ತಿಂಗಳು. ಆದರೆ ನೀವು ಆ 91,800 ಜಿಎಸ್‌ಟಿ ಮುಂದಿನ ತಿಂಗಳೇ ಕಟ್ಟಬೇಕು. ತ್ರೈಮಾಸಿಕ ರಿಟರ್ನ್ ಹಾಕುವವರಿಗೂ ತೆರಿಗೆ ಕಟ್ಟುವುದು ತಿಂಗಳು ತಿಂಗಳೇ. ಬಾರದ ದುಡ್ಡಿಗೆ ಕೈಯಿಂದ ತೆರಿಗೆ. ಇಂಥ ಮೂರು ಇನ್ವಾಯ್ಸ್ ಸಿಕ್ಕಿಹಾಕಿಕೊಂಡರೆ ಒಬ್ಬ ಹುಡುಗನ ಅರ್ಧ ವರ್ಷದ ಸಂಬಳ ಸರ್ಕಾರದ ಖಾತೆಯಲ್ಲಿ ಕೂತಿರುತ್ತದೆ.

ಇನ್ವಾಯ್ಸನ್ನೇ ತಡಮಾಡುವುದು ಪರಿಹಾರವಲ್ಲ. ಸೇವೆ ಮುಗಿದ 30 ದಿನದೊಳಗೆ ಇನ್ವಾಯ್ಸ್ ಆಗಬೇಕು ಅಂತ ಕಾನೂನಿದೆ. ಆಗಬೇಕಾದದ್ದು ಕೆಲಸಕ್ಕೆ ಇಳಿಯುವ ಮೊದಲು ಬರೆಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ. ಎಲ್‌ಒಐ (ಲೀಸ್‌ಗೆ ಮೊದಲಿನ ಉದ್ದೇಶ ಪತ್ರ) ಸಹಿಯಾದಾಗ ಅರ್ಧ, ಲೀಸ್ ಡೀಡ್ ನೋಂದಣಿ ಆದ ದಿನ ಇನ್ನರ್ಧ ಅಂತ ಸ್ಪಷ್ಟವಾಗಿರಲಿ. ಓನರ್ ಕೈಗೆ ಅಡ್ವಾನ್ಸ್ ಚೆಕ್ ಬರುವ ದಿನವೇ ನಿಮ್ಮ ಚೆಕ್ಕೂ ಬರಬೇಕು. ಆ ದಿನ ದಾಟಿದರೆ ಮುಂದೆ ಫೋನ್ ಎತ್ತುವವರು ಕಡಿಮೆ.

ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಇಲ್ಲದಿದ್ದರೆ ಇವತ್ತೇ ಮಾಡಿಸಿ, ಡೀಲ್‌ಗೆ ಮೊದಲು ನೋಂದಣಿ ಇದ್ದರೆ ಮಾತ್ರ ಗಟ್ಟಿ. ಸಣ್ಣ ಸಂಸ್ಥೆಗೆ ಕೊಡಬೇಕಾದ ದುಡ್ಡನ್ನು, ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದರ ಜೊತೆ 2023–24ರಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ, 1961ರ ಕಾಯ್ದೆಯಲ್ಲಿ ಅದು ಸೆಕ್ಷನ್ 43ಬಿ(ಎಚ್). ಗಡುವಿನೊಳಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ಕಂಪನಿಗಳ ಫೈನಾನ್ಸ್ ವಿಭಾಗ ಮಾರ್ಚ್‌ನಲ್ಲಿ ಇದಕ್ಕೆ ಹೆದರುತ್ತದೆ. ಆದರೆ ಮನೆತನದ ಓನರ್‌ಗಳ ಮೇಲೆ ಈ ನಿಯಮ ನಡೆಯಲ್ಲ. ಬಾಡಿಗೆಯನ್ನು ಮನೆ ಆಸ್ತಿ ಆದಾಯ ಅಂತ ತೋರಿಸುವವರು ಬ್ರೋಕರೇಜ್ ಖರ್ಚನ್ನು ಕಳೆಯುವಂತೆಯೇ ಇಲ್ಲ, 30% ಸ್ಟ್ಯಾಂಡರ್ಡ್ ಡಿಡಕ್ಷನ್ ಅಷ್ಟೇ. ಅವರ ಹತ್ತಿರ ಒಪ್ಪಿಗೆ ಪತ್ರವೇ ನಿಮ್ಮ ಆಯುಧ.

ಒಂದು ಸಣ್ಣ ಸಮಾಧಾನ: 2024ರ ಅಕ್ಟೋಬರ್‌ನಿಂದ ಕಮಿಷನ್ ಮೇಲಿನ ಟಿಡಿಎಸ್ 5%ರಿಂದ 2%ಗೆ ಇಳಿದಿದೆ. ಕೈಗೆ ಬರುವ ನಗದು ಅಷ್ಟು ಹೆಚ್ಚು.

ಹುಬ್ಬಳ್ಳಿ_ಗೋಡೌನ್

ಅಕ್ಕಾರ, ನಾ ಹುಬ್ಬಳ್ಳ್ಯಾಗ ಅಂಗಡಿ, ಗೋಡೌನ್ ಬಾಡಗಿ ಕೊಡ್ಸೂ ಕೆಲಸಾ ಮಾಡ್ತೇನ್ರಿ. ಗೋಕುಲ ರೋಡ್, ಕೇಶ್ವಾಪುರ, ಅಮರಗೋಳದ ಎಪಿಎಂಸಿ ಕಡೆ. ನಿಮ್ಮ ಬೆಂಗಳೂರಿನಷ್ಟು ದೊಡ್ಡ ಲೆಕ್ಕ ನಮ್ದಲ್ಲ. ಆದ್ರ ನೀವ್ ಹೇಳೂ ಹಳೇ ಗಿರಾಕಿ ಮಾತು ನಮ್ಮ ಕಡೆ ಮೊದಲಿಂದನೂ ನಡಕೊಂಡ್ ಬಂದದ್ದ ಐತಿ. ಇಲ್ಲೆ ಒಬ್ಬ ವ್ಯಾಪಾರಿಗೆ ಅಂಗಡಿ ಕೊಡ್ಸಿದ್ರ ಅವನ ತಮ್ಮಗ, ಅಳಿಯಗ, ಮುಂದ ಅವನ ಗೋಡೌನ್‌ಗೆ ಎಲ್ಲಾಕ್ಕೂ ನಮಗ ಫೋನ್ ಬರ್ತೈತಿ. ಬಾಡಗಿ ಕರಾರು ಮುಗಿಯೂ ಮುಂದ ನಾವ ಹೋಗಿ ಚಾ ಕುಡ್ದ್ ಮಾತಾಡಿಸ್ಕೊಂಡ್ ಬರ್ತೇವಿ.

ಮಂದೀನ ತಗದ್ ಹಾಕೂ ಮಾತಿಗೆ ಒಂದ ಹೇಳ್ತೇನ್ರಿ. ನಮ್ಮಲ್ಲಿ ಬ್ರೋಕರ್ ಕೆಲಸಾ ಬಿಟ್ಟ ಹುಡುಗ ಮರುದಿನ ಅದ ಓಣ್ಯಾಗ ತಾನ ಬ್ರೋಕರ್ ಆಗ್ತಾನ. ನಿಮ್ಮ ಓನರ್‌ಗಳ ನಂಬರ್ ಎಲ್ಲಾ ಅವನ ಮೊಬೈಲ್‌ನ್ಯಾಗ ಇರ್ತಾವು. ಕಷ್ಟದಾಗ ಇಟ್ಕೊಂಡ್ರ ಅವ ನಿಮ್ಮಂವ ಆಗಿ ಉಳಿತಾನ್ರಿ.

ದೇವನಹಳ್ಳಿ_ಪ್ಲಾಟ್ಸ್

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಆರು ಹುಡುಗರಿದ್ದಾರೆ ಅಂದ್ರೆ ಆರು ತಿಂಗಳು ಪ್ಲಾಟ್ ಮಾರೋಕೆ ಹಾಕಿ. ಏರ್‌ಪೋರ್ಟ್ ಕಡೆ ಡೆವಲಪರ್‌ಗಳು ಒಳ್ಳೆ ಕಮಿಷನ್ ಕೊಡ್ತಾರೆ. ಮಾರ್ಕೆಟ್ ಸರಿಹೋದ ಮೇಲೆ ಆಫೀಸ್ ಲೀಸಿಂಗ್‌ಗೆ ವಾಪಸ್ ಬನ್ನಿ.

ಲೆಕ್ಕದ_ಅಕ್ಕ

ಸರ್, ಅದಕ್ಕೆ ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಬಾಡಿಗೆ, ಲೀಸ್ ಮಾತ್ರ ಮಾಡಿಸುವ ಬ್ರೋಕರ್‌ಗೆ ಅದು ಬೇಕಾಗುವುದಿಲ್ಲ. ಆದರೆ ನೋಂದಾಯಿತ ಯೋಜನೆಯ ಪ್ಲಾಟೋ ಫ್ಲಾಟೋ ಮಾರಿಸಿದರೆ 2016ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಏಜೆಂಟ್ ಆಗಿ ನೋಂದಣಿ ಕಡ್ಡಾಯ. ಇಲ್ಲದೆ ಮಾಡಿದರೆ ದಿನಕ್ಕೆ ₹10,000 ದಂಡ, ಆ ಆಸ್ತಿಯ ಬೆಲೆಯ 5%ವರೆಗೂ ಏರಬಹುದು.

ಇಂದಿರಾನಗರ_ಲೀಸಿಂಗ್

ನೋಂದಣಿ ಮಾಡಿಸಿಕೊಳ್ಳಬಹುದು ಸರ್, ಅದು ದೊಡ್ಡ ವಿಷಯವಲ್ಲ. ನನ್ನ ಹಿಂಜರಿಕೆ ಬೇರೆ. ನಮ್ಮ ಓನರ್‌ಗಳು, ಕಂಪನಿಗಳ ಅಡ್ಮಿನ್ ಮ್ಯಾನೇಜರ್‌ಗಳು ನಮ್ಮನ್ನು ನಂಬಿರುವುದು ಆಫೀಸ್ ಜಾಗದ ವಿಚಾರಕ್ಕೆ. ಯಾವ ಕಟ್ಟಡದಲ್ಲಿ ಜನರೇಟರ್ ಪೂರ್ತಿ ಲೋಡ್ ಹೊರುತ್ತದೆ, ಯಾವ ಓನರ್ ಅಡ್ವಾನ್ಸ್ ಸರಿಯಾಗಿ ವಾಪಸ್ ಕೊಡುತ್ತಾರೆ, ಇದು ನಮ್ಮ ಹುಡುಗರಿಗೆ ಬಾಯಿಪಾಠ. ಅದೇ ಹುಡುಗ ನಾಳೆ ಅದೇ ಅಡ್ಮಿನ್ ಮ್ಯಾನೇಜರ್‌ಗೆ ಫೋನ್ ಮಾಡಿ "ಸರ್ ಪ್ಲಾಟ್ ಬೇಕಾ" ಅಂದರೆ, ಮುಂದಿನ ಸಲ ಅವರು ಫೋನ್ ಎತ್ತುವುದಿಲ್ಲ. ಆರು ತಿಂಗಳ ದುಡ್ಡಿಗೆ ಹತ್ತು ವರ್ಷದ ಸಂಪರ್ಕ ಕಳೆದುಕೊಳ್ಳುವುದು ನನಗೆ ಇಷ್ಟವಿಲ್ಲ.

ಓನರ್_ಮಗಳು

ಇಷ್ಟೂ ಹೊತ್ತು ಬ್ರೋಕರ್‌ಗಳ ಮಾತೇ ಓದಿದೆ, ಕಟ್ಟಡದವರ ಕಡೆಯಿಂದಲೂ ಒಂದಿಷ್ಟು ಬರೆಯುತ್ತೇನೆ. ಕೋರಮಂಗಲದಲ್ಲಿ ಅಪ್ಪ ಕಟ್ಟಿಸಿದ ಕಟ್ಟಡ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮೂರು ಮಹಡಿ.

ಮೇಲೆ ಹಳಬ ಸರ್ ಹೇಳಿದ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ನಮ್ಮ ಹಾಗೆ ಎಷ್ಟೋ ಜನ ಓನರ್‌ಗಳು ಬಾಡಿಗೆ ಆಧಾರದ ಮೇಲೆ ಬ್ಯಾಂಕ್ ಸಾಲ ಮಾಡಿರುತ್ತೇವೆ, ಎಲ್‌ಆರ್‌ಡಿ ಅಂತಾರೆ. ಬಾಡಿಗೆ ನೇರ ಬ್ಯಾಂಕ್‌ನ ಎಸ್ಕ್ರೋ ಖಾತೆಗೆ ಹೋಗುತ್ತದೆ, ಇಎಂಐ ಮುರಿದುಕೊಂಡು ಉಳಿದದ್ದು ನಮಗೆ. ಬ್ರೋಕರ್ ಬಂದು ಚದರಡಿಗೆ ಹತ್ತು ರೂಪಾಯಿ ಇಳಿಸಿ ಅಂದಾಗ ನಾನು ಹಟ ಮಾಡುತ್ತಿಲ್ಲ. ಆ ಹತ್ತು ರೂಪಾಯಿಯಲ್ಲೇ ನಮ್ಮ ಮನೆ ಖರ್ಚು ಇದೆ, ಬಾಡಿಗೆ ಬದಲಿಸಲು ಬ್ಯಾಂಕ್‌ನ ಒಪ್ಪಿಗೆಯೂ ಬೇಕು. ಮರುಮಾತುಕತೆಗೆ ಬರುವ ಹುಡುಗ ಮೊದಲು ಕೇಳಬೇಕಾದ ಪ್ರಶ್ನೆ "ಸಾಲ ಇದೆಯಾ ಮೇಡಂ?" ಅನ್ನುವುದು. ಇದ್ದರೆ ಬಾಡಿಗೆ ಇಳಿಸುವುದಕ್ಕಿಂತ, ಬರಬೇಕಾದ 15% ಏರಿಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕುವುದು ನಮಗೆ ಸುಲಭ. ಜೊತೆಗೆ ಹೊಸ ಲಾಕ್-ಇನ್ ಸಿಕ್ಕರೆ ಬ್ಯಾಂಕ್ ಮುಂದೆ ಇಡಲು ಒಂದು ಕಾಗದ ಆಗುತ್ತದೆ.

ಎರಡನೆಯದು ಫೀಸಿನ ವಿಚಾರ. ಹೋದ ಸಲ ನಮ್ಮ ಬಾಡಿಗೆದಾರರ ಪರವಾಗಿ ಬಂದವರು ಬಾಡಿಗೆ ಇಳಿಸಿಕೊಂಡು, ಅವರಿಂದಲೂ ಫೀಸು ತಗೊಂಡು, "ಪಾರ್ಟಿ ಉಳಿಸಿಕೊಟ್ಟೆವಲ್ಲ" ಅಂತ ನಮ್ಮಿಂದಲೂ ಕೇಳಿದರು. ಹೊಸ ಲೀಸ್‌ಗೆ ಎರಡೂ ಕಡೆ ಬ್ರೋಕರೇಜ್ ಕೊಡುವುದು ಪದ್ಧತಿ, ನಾನು ಕೊಟ್ಟಿದ್ದೇನೆ. ನನ್ನ ಬಾಡಿಗೆ ಕಡಿಮೆ ಮಾಡಿದವರಿಗೆ ನಾನೇ ದುಡ್ಡು ಕೊಡುವುದು ಹೇಗೆ ನ್ಯಾಯ? ಆಮೇಲೆ ಅವರಿಗೆ ನಮ್ಮ ಇನ್ನೊಂದು ಮಹಡಿ ತೋರಿಸಲು ಕೀ ಕೊಡಲಿಲ್ಲ.

ಎಂಜಿ_ರೋಡ್_ಹಳಬ

ಅಮ್ಮಾ, ನಿಮ್ಮ ಎರಡೂ ಮಾತು ನೂರಕ್ಕೆ ನೂರು ಸರಿ. ಎಲ್‌ಆರ್‌ಡಿ ವಿಷಯ ಈಗಿನ ಕಾಲಕ್ಕೆ ಇನ್ನೂ ಮುಖ್ಯ.

ಫೀಸಿನ ಬಗ್ಗೆ ನನ್ನ ನಿಲುವು ಗಟ್ಟಿ. ಮರುಮಾತುಕತೆಯಲ್ಲಿ ಬ್ರೋಕರ್ ಒಬ್ಬರ ಪರ ಮಾತ್ರ. ಯಾರ ಪರ ಅನ್ನುವುದನ್ನು ಮೊದಲ ಭೇಟಿಯಲ್ಲೇ ಎದುರಿನವರಿಗೆ ಹೇಳಬೇಕು, ಬರವಣಿಗೆಯಲ್ಲಿ ಕೊಡಬೇಕು. ಎರಡೂ ಕಡೆ ಕೈಚಾಚಿದರೆ ಆ ತಿಂಗಳ ದುಡ್ಡು ಸಿಗಬಹುದು, ಆಮೇಲೆ ಏನಾಗುತ್ತದೆ ಅಂತ ಈ ಅಮ್ಮನೇ ಬರೆದಿದ್ದಾರೆ. ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ಜೂನಿಯರ್ ಹುಡುಗರಿಗೆ ಈ ಆಸೆ ಜಾಸ್ತಿ ಬರುತ್ತದೆ. ಅವರನ್ನು ತಡೆಯುವುದು ಯಜಮಾನರ ಕೆಲಸ, ನಿಯಮ ಗೋಡೆಗೆ ಅಂಟಿಸಿದರೆ ಸಾಲದು. ಅಂಥ ಫೀಸು ಬಂದ ದಿನ ಅದನ್ನು ವಾಪಸ್ ಕಳಿಸಿ ತೋರಿಸಬೇಕು.

ದುಬೈ_ಕನ್ನಡಿಗ

ಉಡುಪಿ ಕಡೆಯವನು, ದುಬೈನಲ್ಲಿ ಇದೇ ಕೆಲಸ. 2009ರಲ್ಲಿ ಇಲ್ಲಿ ಬಿದ್ದ ಮಾರ್ಕೆಟ್ ನೋಡಿದವರಿಗೆ ಬೆಂಗಳೂರಿನದ್ದು ಅಷ್ಟೇನೂ ಭಯ ಹುಟ್ಟಿಸುವುದಿಲ್ಲ ಮಾರಾಯ್ರೆ. ಇಲ್ಲಿ ಬಹಳಷ್ಟು ಕಡೆ ಬ್ರೋಕರ್‌ಗೆ ಸಂಬಳವೇ ಇಲ್ಲ, ಕಮಿಷನ್ ಮಾತ್ರ. ಮಾರ್ಕೆಟ್ ಬಿದ್ದಾಗ ಯಜಮಾನರಿಗೆ ಖರ್ಚು ಕಡಿಮೆ ಅಂತ ಕಾಣುತ್ತದೆ. ಆದರೆ ಒಳ್ಳೆಯ ಬ್ರೋಕರ್‌ಗಳು ಮೊದಲು ಹೋಗುವುದು ಅಂಥ ಕಡೆಯಿಂದಲೇ, ಅವರಿಗೆ ತಡೆಯಲು ಏನೂ ಇರುವುದಿಲ್ಲವಲ್ಲ. ಉಳಿದುಕೊಂಡ ಸಂಸ್ಥೆಗಳು ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸಿಗೆ ಆಗುವಷ್ಟು ಮುಂಗಡ ಕೊಟ್ಟು, ಮುಂದಿನ ಕಮಿಷನ್‌ನಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಂಡವು. ನಿಮ್ಮಲ್ಲೂ ಆ ವ್ಯವಸ್ಥೆ ಮಾಡಬಹುದು. ಒಂದು ಮಿತಿ ಇರಲಿ. ಮುಂಗಡ ಜಾಸ್ತಿ ಏರಿದರೆ ಸಾಲ ತೀರಿಸಲಾಗದೆ ಹುಡುಗ ಓಡಿಹೋಗುತ್ತಾನೆ.

ಕಾರ್ಪೊರೇಟ್_ಮಾಜಿ

ಒಂದು ಅಂತಾರಾಷ್ಟ್ರೀಯ ಕನ್ಸಲ್ಟೆನ್ಸಿಯಲ್ಲಿ ಟೆನೆಂಟ್ ರೆಪ್, ಅಂದರೆ ಬಾಡಿಗೆದಾರ ಕಂಪನಿಗಳ ಪರವಾಗಿ ಜಾಗ ಹುಡುಕುವ ಕೆಲಸ ಮಾಡಿ ಹೊರಬಂದವನು ನಾನು. ಮೇಡಂ ಹೇಳಿದ್ದರಲ್ಲಿ ಒಂದಕ್ಕೆ ತಕರಾರಿದೆ. ಮ್ಯಾನೇಜ್ಡ್ ಆಫೀಸ್‌ಗಳನ್ನು ನೀವು ಗಿರಾಕಿ ಕಸಿದುಕೊಂಡವರು ಅಂತ ನೋಡುತ್ತಿದ್ದೀರಿ. ಅವರೇ ಈಗ ನಿಮ್ಮ ಏರಿಯಾದಲ್ಲಿ ದೊಡ್ಡ ಬಾಡಿಗೆದಾರರು. ಇಂಥ ಜಾಗ ನಡೆಸುವ ಕಂಪನಿಗಳಲ್ಲಿ ಆಫಿಸ್ (Awfis) 2024ರಲ್ಲಿ, ಇಂಡಿಕ್ಯೂಬ್ ಮತ್ತು ಸ್ಮಾರ್ಟ್‌ವರ್ಕ್ಸ್ 2025ರಲ್ಲಿ ಷೇರುಪೇಟೆಗೆ ಬಂದವು. ಷೇರುದಾರರಿಗೆ ಬೆಳವಣಿಗೆ ತೋರಿಸಬೇಕಾದವರಿಗೆ ಹೊಸ ಕಟ್ಟಡ ಬೇಕೇ ಬೇಕು. ಇಂದಿರಾನಗರದಲ್ಲಿ 30,000 ಚದರಡಿ ಇಡೀ ಕಟ್ಟಡ ಯಾರದು, ಯಾವಾಗ ಖಾಲಿಯಾಗುತ್ತದೆ ಅನ್ನುವುದು ದೊಡ್ಡ ಕನ್ಸಲ್ಟೆನ್ಸಿಗಳಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಮಾಹಿತಿ ಅವರ ಮುಂದೆ ಇಡಿ. ಓನರ್‌ಗೆ ಮಾತ್ರ ಒಂದು ಎಚ್ಚರ ಹೇಳಿ: ಆಪರೇಟರ್ ಓನರ್‌ಗೆ ಕೊಡುವ ಲಾಕ್-ಇನ್ ಎಷ್ಟು, ತನ್ನ ಗಿರಾಕಿಗಳಿಂದ ಪಡೆದ ಲಾಕ್-ಇನ್ ಎಷ್ಟು, ಎರಡನ್ನೂ ಕೇಳಿ ನೋಡಲಿ.

ಎರಡನೆಯದು ಕಾಗದಪತ್ರ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಒಸಿ (ವಾಸಯೋಗ್ಯ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ ಅಂತ. ಅದಾದ ಮೇಲೆ ಕಂಪನಿಗಳ ಲೀಗಲ್‌ನವರು ಮೊದಲು ಕೇಳುವುದೇ ಒಸಿ. ನಿಮ್ಮ ಏರಿಯಾದ ಸಣ್ಣ ಕಟ್ಟಡಗಳಲ್ಲಿ ಎಷ್ಟಕ್ಕೆ ಇದೆ? ನಾಲ್ಕು ಸಲ ಸೈಟ್ ವಿಸಿಟ್ ಮಾಡಿಸಿ, ದರ ಒಪ್ಪಿಸಿ, ಕೊನೆಗೆ ಕಾಗದದಲ್ಲಿ ಬಿದ್ದುಹೋಗುವ ಡೀಲ್ ಟೀಮ್‌ನ ಉತ್ಸಾಹವನ್ನೇ ಕೊಲ್ಲುತ್ತದೆ. ಒಸಿ, ಮಂಜೂರಾದ ನಕ್ಷೆ, ಖಾತೆ, ಮಂಜೂರಾದ ವಿದ್ಯುತ್ ಲೋಡ್ ಈ ನಾಲ್ಕು ಕೈಯಲ್ಲಿಲ್ಲದ ಕಟ್ಟಡವನ್ನು ಕಂಪನಿ ಪಾರ್ಟಿಗೆ ತೋರಿಸಲೇಬೇಡಿ. ಸೈಟ್ ವಿಸಿಟ್ ಅರ್ಧಕ್ಕೆ ಇಳಿಯುತ್ತದೆ, ಮುಗಿಯುವ ಡೀಲ್ ಇಳಿಯುವುದಿಲ್ಲ.

ಅಂದ ಹಾಗೆ, ನಿಮ್ಮಲ್ಲಿ ಕಟ್ಟಡಗಳ ಮಾಹಿತಿ ನೋಡಿಕೊಳ್ಳುವ ಹುಡುಗ ಇದ್ದಾನೆ ಅಂದಿರಿ. ಖರ್ಚು ಕಡಿಮೆ ಮಾಡುವಾಗ ಎಲ್ಲರೂ ಮೊದಲು ತೆಗೆಯುವುದು ಅಂಥವನನ್ನೇ, ಅವನು ಡೀಲ್ ತರುವುದಿಲ್ಲ ಅಂತ. ದಯವಿಟ್ಟು ತೆಗೆಯಬೇಡಿ. ನೀವು ಹೇಳುವ ಹಳೆ ಲೀಸ್ ಕೆಲಸ ಪೂರ್ತಿ ನಿಂತಿರುವುದು ಅವನ ಪಟ್ಟಿಯ ಮೇಲೆ.

ಸೈಟ್_ವಿಸಿಟ್_ಹುಡುಗ

ಒಸಿ ವಿಷಯ ನಿಜ ಸರ್. ಕಂಪನಿ ಅಡ್ಮಿನ್‌ನವರ ಮುಂದೆ "ಓನರ್ ಅಪ್ಲೈ ಮಾಡಿದ್ದಾರೆ, ಬರುತ್ತೆ" ಅಂತ ಹೇಳಿ ಹೇಳಿ ಸಾಕಾಗಿದೆ.

ಇಂದಿರಾನಗರ_ಲೀಸಿಂಗ್

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಮಧ್ಯಾಹ್ನ ಟೀಮ್ ಜೊತೆ ಕೂತಿದ್ದೆವು. ಬ್ಯಾಂಕ್ ಬ್ಯಾಲೆನ್ಸ್, ಬರಬೇಕಾದ ಇನ್ವಾಯ್ಸ್‌ಗಳು, ತಿಂಗಳ ಖರ್ಚು ಮೂರನ್ನೂ ಟಿವಿ ಪರದೆಗೆ ಹಾಕಿ ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕೌಂಟ್ಸ್‌ನವರು ಬಾಕಿ ಇನ್ವಾಯ್ಸ್‌ಗಳ ಪಟ್ಟಿ ಓದುತ್ತಾ ಹೋದ ಹಾಗೆ ಹುಡುಗರೇ "ಈ ಓನರ್ ಹತ್ರ ನಾನು ಹೋಗ್ತೀನಿ", "ಇವರ ಮಗ ನನಗೆ ಗೊತ್ತು" ಅಂತ ಒಂದೊಂದೇ ಹಂಚಿಕೊಂಡರು. ವಸೂಲಿ ಇಷ್ಟು ದಿನ ಅಕೌಂಟ್ಸ್‌ನವರ ತಲೆನೋವು ಅಂತಿತ್ತು.

ಒಪ್ಪಿಕೊಂಡದ್ದು ಹೀಗೆ. ಮೂಲ ಸಂಬಳ ಯಾರದ್ದೂ ಇಳಿಸುವುದಿಲ್ಲ. ಹೊಸ ಡೀಲ್‌ನ ಹಂಚಿಕೆ ಮೊದಲಿನಂತೆಯೇ. ನವೀಕರಣ, ಮರುಮಾತುಕತೆಯ ಫೀಸಿನಲ್ಲಿ ಈಗ ಓಡಾಡುವವರಿಗೆ 30%. ಆ ಪಾರ್ಟಿಯನ್ನು ಮೊದಲು ತಂದವರು ಸಂಸ್ಥೆಯಲ್ಲೇ ಇದ್ದರೆ ಅವರಿಗೆ 5%. ಮಾಹಿತಿ ನೋಡಿಕೊಳ್ಳುವ ಹುಡುಗನಿಗೂ ಪ್ರತಿ ನವೀಕರಣದಲ್ಲಿ 5%, ಇದು ಅವನಿಗೆ ಮೊದಲ ಸಲ. ಕಷ್ಟ ಇರುವವರಿಗೆ ಎರಡು ತಿಂಗಳ ಸಂಬಳ ಮೀರದಂತೆ ಮುಂಗಡ, ಮುಂದಿನ ಕಮಿಷನ್‌ನಲ್ಲಿ ಮೂರು ಕಂತಿನಲ್ಲಿ ವಾಪಸ್. ದುಬೈ ಸರ್, ಇದು ನಿಮ್ಮದೇ ಸಲಹೆ. ಇಬ್ಬರು ಹಳೆ ಲೀಸ್‌ಗೆ, ಒಬ್ಬರು ಮ್ಯಾನೇಜ್ಡ್ ಆಫೀಸ್ ಆಪರೇಟರ್‌ಗಳಿಗೆ ಕಟ್ಟಡ ಹುಡುಕಲು, ಮೂವರು ಹೊಸ ಬಾಡಿಗೆದಾರರಿಗೆ. ಅರ್ಧ ಟೀಮ್ ಅಂದಿದ್ದೆ, ಸದ್ಯಕ್ಕೆ ಇಷ್ಟಕ್ಕೆ ಒಪ್ಪಿದ್ದಾರೆ.

ಮರುಮಾತುಕತೆಯಲ್ಲಿ ಒಂದೇ ಕಡೆ ಫೀಸು ಅನ್ನುವುದಕ್ಕೆ ಒಬ್ಬ ಹಿರಿಯ ಬ್ರೋಕರ್ ವಿರೋಧ ಮಾಡಿದರು. ಓನರ್_ಮಗಳು ಅವರು ಬರೆದದ್ದನ್ನು ಓದಿ ಹೇಳಿದೆ. ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ನಿಯಮ ನಿಯಮವೇ.

ಹಳಬ ಸರ್, ಇನ್ನೊಂದು ಪ್ರಶ್ನೆ. ಲೀಸ್ ಅವಧಿಯೋ ಲಾಕ್-ಇನ್ನೋ ಮುಗಿಯುವ ಎಷ್ಟು ಮೊದಲು ಬಾಡಿಗೆದಾರರಿಗೆ ಫೋನ್ ಮಾಡುವುದು ಸರಿ? ತುಂಬಾ ಬೇಗ ಮಾಡಿದರೆ ನಾವೇ ಅವರ ತಲೆಗೆ ಬಿಟ್ಟುಹೋಗುವ ಯೋಚನೆ ತುಂಬಿದ ಹಾಗೆ ಓನರ್‌ಗಳಿಗೆ ಅನ್ನಿಸುತ್ತದೆ.

ಎಂಜಿ_ರೋಡ್_ಹಳಬ

5,000 ಚದರಡಿ ಒಳಗಿದ್ದರೆ ಆರು ತಿಂಗಳು ಮೊದಲು. ಅದಕ್ಕಿಂತ ದೊಡ್ಡದಾದರೆ ಒಂಬತ್ತು. ಒಂದಕ್ಕಿಂತ ಹೆಚ್ಚು ಮಹಡಿ ಇರುವ ಕಂಪನಿಗೆ ಒಂದು ವರ್ಷ, ಅವರ ಬಜೆಟ್ ಮೀಟಿಂಗ್‌ಗೆ ಮುಂಚೆ ನೀವು ಅಲ್ಲಿರಬೇಕು. ನೋಟಿಸ್ ಅವಧಿ ಸಾಮಾನ್ಯವಾಗಿ ಮೂರು ತಿಂಗಳು, ಅದರೊಳಗೆ ಹೋದರೆ ಅವರು ಆಗಲೇ ಬೇರೆ ಜಾಗ ನೋಡಿರುತ್ತಾರೆ.

ಓನರ್‌ಗಳ ಅನುಮಾನಕ್ಕೆ ಒಂದು ಉಪಾಯ: ಅದೇ ವಾರ ಓನರ್‌ಗೂ ಫೋನ್ ಮಾಡಿ. "ನಿಮ್ಮ ಲಾಕ್-ಇನ್ ಇಂಥ ತಿಂಗಳು ಮುಗಿಯುತ್ತೆ, ಪಾರ್ಟಿ ಹತ್ರ ಮಾತಾಡ್ತಿದ್ದೀವಿ, ಅವರ ಪರವಾಗಿ" ಅಂತ ಹೇಳಿಬಿಡಿ. ಅಡ್ವಾನ್ಸ್ ಎಷ್ಟು, ಬ್ಯಾಂಕ್ ಸಾಲ ಇದೆಯಾ, ಕಾಗದಪತ್ರ ಸರಿ ಇವೆಯಾ, ಎಲ್ಲ ಅದೇ ಫೋನ್‌ನಲ್ಲಿ ಕೇಳಿ ನಿಮ್ಮ ಹುಡುಗನ ಪಟ್ಟಿಗೆ ಹಾಕಿಸಿ.

ಓನರ್_ಮಗಳು

ಹಾಗೆ ಮೊದಲೇ ಫೋನ್ ಮಾಡಿ ಹೇಳುವವರಿದ್ದರೆ ನಮ್ಮ ಎರಡನೇ ಮಹಡಿಯ ಲಾಕ್-ಇನ್ ಬರುವ ಆಗಸ್ಟ್‌ಗೆ ಮುಗಿಯುತ್ತದೆ. ಒಸಿ ಇದೆ, ಸಾಲವೂ ಇದೆ. ಮೇಡಂ, ನಿಮ್ಮ ಟೀಮ್‌ನವರು ಒಬ್ಬರು ಬಂದು ಮಾತಾಡಲಿ. ಈ ಸಲ ನಮ್ಮ ಪರವಾಗಿ.

ಇಂದಿರಾನಗರ_ಲೀಸಿಂಗ್

ಖಂಡಿತ ಮೇಡಂ. ವಿವರ ಖಾಸಗಿ ಸಂದೇಶದಲ್ಲಿ ಕಳಿಸಿ. ಬರುವ ಮೊದಲು ಒಪ್ಪಿಗೆ ಪತ್ರದ ಕರಡು ನಿಮಗೆ ತಲುಪುತ್ತದೆ, ಫೀಸು ಯಾರಿಂದ ಅನ್ನುವುದು ಅದರ ಮೊದಲ ಸಾಲಿನಲ್ಲೇ ಇರುತ್ತದೆ.